ಪಾಠ ಮಾಡಿ ತೀರಿಸುವ ಸಾಲ: ವಿಶೇಷ ಶಿಕ್ಷಕರಿಗಾಗಿ ಅಮೆರಿಕ ಮಾಡಿಕೊಂಡ ಒಪ್ಪಂದಗಳು

ಅಮೆರಿಕದಲ್ಲಿ ಕಾಲೇಜು ಮುಗಿಸಿ ಹೊರಬರುವ ಬಹಳಷ್ಟು ಮಂದಿಯ ತಲೆ ಮೇಲೆ ಶಿಕ್ಷಣ ಸಾಲ ಇರುತ್ತದೆ. ಇನ್ನೊಂದು ಕಡೆ, ಅಲ್ಲಿನ ಸರ್ಕಾರಿ ಶಾಲೆಗಳಿಗೆ ವಿಶೇಷ ಶಿಕ್ಷಕರು ಸಿಗುತ್ತಿಲ್ಲ. ಆಟಿಸಂ, ಕಿವುಡುತನ, ಕಲಿಕೆಯ ತೊಂದರೆ, ಬುದ್ಧಿ ಬೆಳವಣಿಗೆಯ ತೊಂದರೆ ಇರುವ ಮಕ್ಕಳಿಗೆ ಕಲಿಸಲು ತರಬೇತಿ ಪಡೆದವರು ಇವರು. ಈ ಕೊರತೆ ನಿನ್ನೆ ಮೊನ್ನೆಯದಲ್ಲ. ಬಹುತೇಕ ಎಲ್ಲ ರಾಜ್ಯಗಳೂ ವರ್ಷ ವರ್ಷ ಕೇಂದ್ರ ಶಿಕ್ಷಣ ಇಲಾಖೆಗೆ ಕಳಿಸುವ ಕೊರತೆ ಪಟ್ಟಿಯಲ್ಲಿ ಇದನ್ನು ಬರೆಯುತ್ತಲೇ ಇವೆ.

ಈ ಎರಡು ಕಷ್ಟಗಳನ್ನು ಒಂದಕ್ಕೊಂದು ಜೋಡಿಸಿದರೆ ಒಂದು ಒಪ್ಪಂದ ಹುಟ್ಟುತ್ತದೆ. ನೀವು ಈ ಮಕ್ಕಳಿಗೆ ಇಷ್ಟು ವರ್ಷ ಪಾಠ ಮಾಡಿ, ನಿಮ್ಮ ಸಾಲವನ್ನು ನಾವು ಮನ್ನಾ ಮಾಡುತ್ತೇವೆ ಎನ್ನುತ್ತದೆ ಸರ್ಕಾರ. ನಮ್ಮಲ್ಲಿ ಸಾಲ ಮನ್ನಾ ಅಂದ ಕೂಡಲೇ ರೈತರ ಸಾಲ ನೆನಪಾಗುತ್ತದೆ. ಅದನ್ನು ಬರಗಾಲಕ್ಕೋ ಚುನಾವಣೆಗೋ ಒಮ್ಮೆ ಘೋಷಿಸುತ್ತಾರೆ. ಸಾಲ ತೆಗೆದುಕೊಳ್ಳುವಾಗ ಮುಂದೆ ಮನ್ನಾ ಆಗುತ್ತೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ಅಮೆರಿಕದ ಈ ಯೋಜನೆಗಳಲ್ಲಿ ಷರತ್ತನ್ನು ಮೊದಲೇ ಬರೆದಿರುತ್ತಾರೆ. ಎಷ್ಟು ವರ್ಷ, ಯಾವ ಶಾಲೆ, ಯಾವ ಮಕ್ಕಳು, ಎಷ್ಟು ಡಾಲರ್, ಎಲ್ಲವೂ ಕಾಗದದ ಮೇಲಿರುತ್ತದೆ.

ಹಾಗಿದ್ದರೂ ಈ ಯೋಜನೆಗಳಲ್ಲಿ ಕೆಲವು ಸಾವಿರಾರು ಶಿಕ್ಷಕರಿಗೆ ಆಸರೆಯಾದವು, ಒಂದೆರಡು ಅದೇ ಶಿಕ್ಷಕರನ್ನು ಸಂಕಟಕ್ಕೆ ತಳ್ಳಿದವು. ಈ ವ್ಯತ್ಯಾಸ ಯಾಕೆ ಬಂತು ಅನ್ನುವುದೇ ನನಗೆ ಮುಖ್ಯ ಅನ್ನಿಸುತ್ತದೆ. ಹಣ ಎಷ್ಟು ಅನ್ನುವುದಕ್ಕಿಂತ, ಏನಾದರೂ ತಪ್ಪಿದರೆ ನಷ್ಟ ಯಾರ ಪಾಲಿಗೆ ಅನ್ನುವುದರಲ್ಲಿ ಅದರ ಉತ್ತರವಿದೆ.

ಈ ಕೆಲಸಕ್ಕೆ ಜನ ಯಾಕೆ ಸಿಗುವುದಿಲ್ಲ

1970ರ ಸುಮಾರಿಗೆ ಅಮೆರಿಕದ ಶಾಲೆಗಳಲ್ಲಿ ಅಂಗವೈಕಲ್ಯವಿರುವ ಐದು ಮಕ್ಕಳಲ್ಲಿ ಒಬ್ಬರಿಗೆ ಮಾತ್ರ ಓದು ಸಿಗುತ್ತಿತ್ತು. ಉಳಿದವರನ್ನು ‘ನಮ್ಮಲ್ಲಿ ಆಗಲ್ಲ’ ಎಂದು ಮನೆಗೆ ಕಳಿಸಲು ಹಲವು ರಾಜ್ಯಗಳ ಕಾನೂನೇ ಒಪ್ಪುತ್ತಿತ್ತು. ಪೆನ್ಸಿಲ್ವೇನಿಯಾ ಮತ್ತು ವಾಷಿಂಗ್ಟನ್ ಡಿ.ಸಿ.ಯ ತಂದೆ ತಾಯಂದಿರು ಕೋರ್ಟಿಗೆ ಹೋಗಿ ಗೆದ್ದರು. 1975ರ ನವೆಂಬರ್ 29ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಹೊಸ ಕಾನೂನಿಗೆ ಸಹಿ ಹಾಕಿದರು. ಯಾವ ಮಗುವನ್ನೂ ಹೊರಗಿಡುವಂತಿಲ್ಲ, ಅದಕ್ಕೆ ತಕ್ಕ ಶಿಕ್ಷಣವನ್ನು ಉಚಿತವಾಗಿ ಕೊಡಲೇಬೇಕು ಎಂದಿತು ಆ ಕಾನೂನು. 1990ರಲ್ಲಿ ಅದಕ್ಕೆ ‘ಐಡಿಇಎ’ ಎಂಬ ಹೆಸರು ಬಂತು. ಇವತ್ತು ಅದರಡಿ ಸುಮಾರು 75 ಲಕ್ಷ ಮಕ್ಕಳಿದ್ದಾರೆ. ಸರ್ಕಾರಿ ಶಾಲೆಗಳ ಮಕ್ಕಳಲ್ಲಿ ಇದು ಶೇ 15ರಷ್ಟು.

ಕಾನೂನು ಬಂತು, ಮಕ್ಕಳು ಬಂದರು. ಅಷ್ಟು ಶಿಕ್ಷಕರು ಮಾತ್ರ ಬರಲಿಲ್ಲ.

ಒಬ್ಬ ವಿಶೇಷ ಶಿಕ್ಷಕಿಯ ಕೆಲಸ ಹೇಗಿರುತ್ತದೆ ನೋಡಿ. ಅವರ ಪಾಲಿಗೆ ಹದಿನೈದು ಮಕ್ಕಳಿದ್ದರೆ ಹದಿನೈದು ‘ಐಇಪಿ’ಗಳು ಇರುತ್ತವೆ. ಐಇಪಿ ಅಂದರೆ ಆ ಒಂದು ಮಗುವಿಗೆಂದೇ ಬರೆದ ಕಲಿಕೆಯ ಯೋಜನೆ. ಮಗು ಈಗ ಎಲ್ಲಿದೆ, ಒಂದು ವರ್ಷದಲ್ಲಿ ಎಲ್ಲಿಗೆ ಬರಬೇಕು, ಅದನ್ನು ಅಳೆಯುವುದು ಹೇಗೆ, ಮಾತಿನ ತರಬೇತಿ ವಾರಕ್ಕೆ ಎಷ್ಟು ನಿಮಿಷ ಬೇಕು, ಪರೀಕ್ಷೆಯಲ್ಲಿ ಹೆಚ್ಚು ಸಮಯ ಬೇಕಾ, ಇದೆಲ್ಲ ಅದರಲ್ಲಿ ಇರಬೇಕು. ವರ್ಷಕ್ಕೊಮ್ಮೆಯಾದರೂ ತಂದೆ ತಾಯಿ, ತರಗತಿ ಶಿಕ್ಷಕರು, ಶಾಲೆಯ ಅಧಿಕಾರಿ ಎಲ್ಲರೂ ಕೂತು ಅದನ್ನು ತಿದ್ದಬೇಕು. ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಮಗುವಿನ ಹೊಸ ಮೌಲ್ಯಮಾಪನ ಆಗಬೇಕು. ಬರೆದದ್ದನ್ನು ಮಾಡದಿದ್ದರೆ ತಂದೆ ತಾಯಿ ದೂರು ಕೊಡಬಹುದು, ಕೇಸನ್ನೂ ಹಾಕಬಹುದು. ಇದು ಮಗುವಿಗೆ ಸಿಕ್ಕ ದೊಡ್ಡ ರಕ್ಷಣೆ. ಆದರೆ ಆ ಕಾಗದದ ಕೆಲಸವೆಲ್ಲ ಬೀಳುವುದು ಶಿಕ್ಷಕಿಯ ಹೆಗಲಿಗೆ, ಅದೂ ಮಕ್ಕಳು ಮನೆಗೆ ಹೋದ ಮೇಲೆ.

ಇಷ್ಟು ಮಾಡಿದರೂ ಸಂಬಳ ಹೆಚ್ಚೇನೂ ಇಲ್ಲ. ಅಮೆರಿಕದ ಹೆಚ್ಚಿನ ಜಿಲ್ಲೆಗಳಲ್ಲಿ ಓದು ಮತ್ತು ಅನುಭವ ನೋಡಿ ಸಂಬಳ ನಿಗದಿಯಾಗುತ್ತದೆ. ಯಾವ ವಿಷಯ ಕಲಿಸುತ್ತೀರಿ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಪಕ್ಕದ ಕೋಣೆಯ ಸಮಾಜ ವಿಜ್ಞಾನದ ಶಿಕ್ಷಕರಿಗೂ ಇವರಿಗೂ ಒಂದೇ ಸಂಬಳ. ಹೀಗಾಗಿ ಈ ಕೋರ್ಸ್ ಸೇರುವವರು ಕಡಿಮೆ, ಸೇರಿದವರಲ್ಲೂ ಬೇಗ ಬಿಡುವವರು ಜಾಸ್ತಿ. ಸಂಬಳದ ಪಟ್ಟಿಯನ್ನು ಮುಟ್ಟದೆ ಈ ಕೆಲಸಕ್ಕೆ ಜನರನ್ನು ಕರೆತರುವ ದಾರಿಯಾಗಿ ಸರ್ಕಾರಗಳು ಸಾಲದ ಕಡೆ ತಿರುಗಿದವು.

1958ರಿಂದ ಬಂದ ಉಪಾಯ

ಇದು ಹೊಸ ಯೋಚನೆಯೇನಲ್ಲ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕ ಬೆಚ್ಚಿಬಿತ್ತು. ಮರುವರ್ಷವೇ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ತಂದು ವಿದ್ಯಾರ್ಥಿಗಳಿಗೆ ಕಡಿಮೆ ಬಡ್ಡಿಗೆ ಸಾಲ ಕೊಟ್ಟರು. ಆ ಸಾಲ ಪಡೆದವರು ಶಿಕ್ಷಕರಾದರೆ ವರ್ಷಕ್ಕೆ ಶೇ 10ರಂತೆ, ಒಟ್ಟು ಅರ್ಧದಷ್ಟು ಸಾಲ ರದ್ದಾಗುತ್ತಿತ್ತು. ಮುಂದೆ ಇದೇ ಸಾಲಕ್ಕೆ ‘ಪರ್ಕಿನ್ಸ್ ಸಾಲ’ ಎಂಬ ಹೆಸರು ಬಂತು.

ಪರ್ಕಿನ್ಸ್ ಸಾಲದ ಲೆಕ್ಕ ನನಗೆ ತುಂಬ ಇಷ್ಟ. ಪೂರ್ಣಾವಧಿ ವಿಶೇಷ ಶಿಕ್ಷಕರಿಗೆ ಮೊದಲ ಎರಡು ವರ್ಷ ಶೇ 15ರಂತೆ, ಮುಂದಿನ ಎರಡು ವರ್ಷ ಶೇ 20ರಂತೆ, ಐದನೇ ವರ್ಷ ಶೇ 30ರಷ್ಟು ಸಾಲ ರದ್ದು. ಐದು ವರ್ಷಕ್ಕೆ ಪೂರ್ತಿ ಸಾಲ ಮುಗಿಯಿತು. ಮೂರು ವರ್ಷ ಪಾಠ ಮಾಡಿ, ಮಗು ಹುಟ್ಟಿತು ಅಂತಲೋ ಅಮ್ಮನಿಗೆ ಹುಷಾರಿಲ್ಲ ಅಂತಲೋ ಬಿಟ್ಟರೆ, ಆ ಮೂರು ವರ್ಷದ ಶೇ 50 ಅವರದೇ. ಯಾರೂ ವಾಪಸ್ ಕೇಳುವಂತಿಲ್ಲ. ಮಾಡಿದಷ್ಟು ಕೆಲಸಕ್ಕೆ ಅಷ್ಟು ಕೂಲಿ ಅನ್ನುವ ಸರಳ ನ್ಯಾಯ ಇದರಲ್ಲಿತ್ತು. 2017ರ ಸೆಪ್ಟೆಂಬರ್ 30ಕ್ಕೆ ಹೊಸ ಪರ್ಕಿನ್ಸ್ ಸಾಲ ಕೊಡುವುದು ನಿಂತುಹೋಯಿತು.

ಐದು ವರ್ಷ ಕಾಯಿಸುವ ಮನ್ನಾ

ಈಗ ಹೆಚ್ಚು ಚಾಲ್ತಿಯಲ್ಲಿರುವುದು ‘ಟೀಚರ್ ಲೋನ್ ಫರ್ಗಿವ್‌ನೆಸ್’. ಸರ್ಕಾರದ ನೇರ ಸಾಲ ಪಡೆದವರು ಬಡ ಮಕ್ಕಳು ಹೆಚ್ಚಿರುವ ಶಾಲೆಯಲ್ಲಿ ಐದು ಪೂರ್ತಿ ಶೈಕ್ಷಣಿಕ ವರ್ಷ, ನಡುವೆ ಬಿಡದೆ ಪಾಠ ಮಾಡಬೇಕು. ಆಮೇಲೆ ಅರ್ಜಿ ಹಾಕಬೇಕು. ಸಾಮಾನ್ಯ ಶಿಕ್ಷಕರಿಗೆ 5,000 ಡಾಲರ್‌ವರೆಗೆ ಮನ್ನಾ ಸಿಗುತ್ತದೆ. ವಿಶೇಷ ಶಿಕ್ಷಕರಿಗೆ, ಹೈಸ್ಕೂಲಿನ ಗಣಿತ ಮತ್ತು ವಿಜ್ಞಾನ ಶಿಕ್ಷಕರಿಗೆ 17,500 ಡಾಲರ್‌ವರೆಗೆ. ಈ 17,500 ಬಂದದ್ದು 2004ರ ಕಾನೂನಿನಲ್ಲಿ. ಅಂದಿನಿಂದ ಕಾಲೇಜು ಫೀಸು ಎಲ್ಲಿಗೋ ಹೋಯಿತು, ಆ ಮೊತ್ತ ಮಾತ್ರ ಅಲ್ಲೇ ನಿಂತಿದೆ.

ಇಲ್ಲಿ ಕೆಲವು ಸೂಕ್ಷ್ಮಗಳಿವೆ. ನಾಲ್ಕು ವರ್ಷ ಮಾಡಿ ಬಿಟ್ಟರೆ ಒಂದು ಡಾಲರೂ ಸಿಗುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಐದು ವರ್ಷವೂ ಕಂತು ಕಟ್ಟುತ್ತಿರಬೇಕು, ಅಥವಾ ಕಂತು ಮುಂದೂಡಲು ಬೇರೆ ಅರ್ಜಿ ಕೊಡಬೇಕು. ಕಟ್ಟುನಿಟ್ಟಾಗಿ ಕಟ್ಟಿ ಬಾಕಿಯನ್ನು 9,000 ಡಾಲರಿಗೆ ಇಳಿಸಿಕೊಂಡಿದ್ದರೆ ಮನ್ನಾ ಆಗುವುದು ಆ 9,000 ಮಾತ್ರ. ಶಾಲೆ ಸರ್ಕಾರದ ಪಟ್ಟಿಯಲ್ಲಿರಬೇಕು. ಒಂದು ಒಳ್ಳೆಯ ನಿಯಮ ಅಂದರೆ, ನೀವು ಸೇರಿದ ವರ್ಷ ಪಟ್ಟಿಯಲ್ಲಿದ್ದು ಮುಂದೆ ಶಾಲೆಯ ಹೆಸರು ಬಿಟ್ಟುಹೋದರೂ ನಿಮ್ಮ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಕೊನೆಗೆ ನೀವು ತರಬೇತಿ ಪಡೆದ ವಿಭಾಗದ ಮಕ್ಕಳಿಗೇ ಪಾಠ ಮಾಡಿದ್ದೀರಿ ಎಂದು ಶಾಲೆಯ ಮುಖ್ಯಸ್ಥರು ಸಹಿ ಮಾಡಿಕೊಡಬೇಕು.

ಇದರ ಪಕ್ಕದಲ್ಲೇ ಇನ್ನೊಂದು ಯೋಜನೆ ಇದೆ. ಹೆಸರು ‘ಪಿಎಸ್‌ಎಲ್‌ಎಫ್’, ಶುರುವಾದದ್ದು 2007ರಲ್ಲಿ. ಸರ್ಕಾರಿ ಅಥವಾ ಲಾಭರಹಿತ ಸಂಸ್ಥೆಯಲ್ಲಿ ಕೆಲಸ ಮಾಡುತ್ತ 120 ತಿಂಗಳ ಕಂತು ಕಟ್ಟಿದರೆ ಉಳಿದ ಬಾಕಿ ಪೂರ್ತಿ ಮನ್ನಾ. ಮೊತ್ತಕ್ಕೆ ಮಿತಿ ಇಲ್ಲ. ಆದಾಯ ನೋಡಿ ಕಂತು ನಿಗದಿಯಾಗುವ ಯೋಜನೆಯಲ್ಲಿದ್ದರೆ ಕಂತು ಚಿಕ್ಕದಿರುತ್ತದೆ, ಬಾಕಿ ದೊಡ್ಡದಿರುತ್ತದೆ, ಮನ್ನಾ ಕೂಡ ದೊಡ್ಡದಾಗುತ್ತದೆ. ಆದರೆ ಒಂದೇ ಅವಧಿಯನ್ನು ಎರಡೂ ಯೋಜನೆಗಳಿಗೆ ತೋರಿಸುವ ಹಾಗಿಲ್ಲ. 17,500 ಪಡೆದುಕೊಂಡ ಐದು ವರ್ಷ ಪಿಎಸ್‌ಎಲ್‌ಎಫ್ ಲೆಕ್ಕಕ್ಕೆ ಬರುವುದಿಲ್ಲ. ಎರಡನ್ನೂ ಒಂದರ ನಂತರ ಒಂದು ಪಡೆಯಬೇಕಾದರೆ ಹದಿನೈದು ವರ್ಷ ಬೇಕು. 20,000 ಡಾಲರ್ ಸಾಲವಿದ್ದವರಿಗೆ ಮೊದಲನೆಯದು ಸರಿ. ಸ್ನಾತಕೋತ್ತರ ಪದವಿಯನ್ನೂ ಸಾಲದಲ್ಲೇ ಮಾಡಿ 60,000 ಬಾಕಿ ಇಟ್ಟುಕೊಂಡವರು ನೇರವಾಗಿ ಪಿಎಸ್‌ಎಲ್‌ಎಫ್ ಹಿಡಿಯುವುದೇ ಲಾಭ. ಗೊತ್ತಿಲ್ಲದೆ ಮೊದಲನೆಯದಕ್ಕೆ ಅರ್ಜಿ ಹಾಕಿದವರು ಐದು ವರ್ಷದ ಲೆಕ್ಕ ಕಳೆದುಕೊಳ್ಳುತ್ತಾರೆ.

ಪಿಎಸ್‌ಎಲ್‌ಎಫ್‌ಗೂ ಕೆಟ್ಟ ಕಾಲವಿತ್ತು. ಅರ್ಜಿಗಳು ಬರತೊಡಗಿದ ಮೊದಮೊದಲು ಅವುಗಳಲ್ಲಿ ಶೇ 99ರಷ್ಟು ತಿರಸ್ಕೃತವಾದವು. ಸಾಲದ ಬಗೆ ಬೇರೆ, ಕಂತಿನ ಯೋಜನೆ ಬೇರೆ, ಎಂಥೆಂಥದೋ ಕಾರಣ. 2021ರ ನಂತರ ನಿಯಮ ಸಡಿಲಿಸಿದ ಮೇಲೆ, 2024ರ ಅಕ್ಟೋಬರ್ ಹೊತ್ತಿಗೆ ಮನ್ನಾ ಪಡೆದವರು 10 ಲಕ್ಷ ದಾಟಿದರು. ಕಂತು ನಿಗದಿ ಮಾಡುವ ಯೋಜನೆಗಳು 2025ರ ಕಾನೂನಿನಿಂದ ಮತ್ತೆ ಬದಲಾಗುತ್ತಿವೆ. 2026ರ ಜುಲೈ 1ರ ನಂತರ ಸಾಲ ಪಡೆಯುವವರು ಹಳೆಯ ಲೇಖನಗಳನ್ನು ನಂಬಿ ಲೆಕ್ಕ ಹಾಕಬಾರದು.

ಅನುದಾನ ಸಾಲವಾದ ಕತೆ

ಇಲ್ಲಿಯವರೆಗೆ ಹೇಳಿದ್ದರಲ್ಲಿ ಸಾಲ ಮೊದಲು, ಮನ್ನಾ ಆಮೇಲೆ. ಇನ್ನೊಂದು ಬಗೆಯೂ ಇದೆ. ಓದುವಾಗಲೇ ಹಣ ಕೊಡುತ್ತಾರೆ, ಆಮೇಲೆ ಪಾಠ ಮಾಡಿ ತೀರಿಸಬೇಕು. ಸಾಲಕ್ಕೆ ಹೆದರಿ ಕಾಲೇಜಿಗೇ ಹೋಗದ ಹುಡುಗ ಹುಡುಗಿಯರಿಗೆ ಇದು ಹೆಚ್ಚು ಸಹಾಯ. 2007ರ ಕಾನೂನಿನಲ್ಲೇ ಬಂದ ‘ಟೀಚ್ ಗ್ರಾಂಟ್’ ಈ ಬಗೆಯದು. ವರ್ಷಕ್ಕೆ 4,000 ಡಾಲರ್‌ವರೆಗೆ ಕೊಡುತ್ತಾರೆ. ಓದು ಮುಗಿದ ಎಂಟು ವರ್ಷದೊಳಗೆ ನಾಲ್ಕು ವರ್ಷ, ಬಡ ಮಕ್ಕಳ ಶಾಲೆಯಲ್ಲಿ, ಕೊರತೆ ಇರುವ ವಿಷಯದಲ್ಲಿ ಪಾಠ ಮಾಡಬೇಕು. ವಿಶೇಷ ಶಿಕ್ಷಣ ಆ ಪಟ್ಟಿಯಲ್ಲಿದೆ.

ಷರತ್ತು ತಪ್ಪಿದರೆ ಈ ಅನುದಾನವೇ ಸಾಲವಾಗುತ್ತದೆ. ಬಡ್ಡಿ ಆ ದಿನದಿಂದ ಶುರುವಾದರೆ ಹೇಗೋ ಸಹಿಸಬಹುದಿತ್ತು. ಆದರೆ ಬಡ್ಡಿ ಲೆಕ್ಕ ಹಾಕುವುದು ಹಣ ಕೈಗೆ ಬಂದ ದಿನದಿಂದ. ಒಂದು ಉದಾಹರಣೆ ನೋಡಿ. ನಾಲ್ಕು ವರ್ಷ 4,000ದಂತೆ ಒಟ್ಟು 16,000 ಪಡೆದಿದ್ದೀರಿ. ಬಡ್ಡಿ ಶೇ 5 ಅಂದುಕೊಳ್ಳಿ. ಓದು ಮುಗಿದು ಮೂರು ವರ್ಷಕ್ಕೆ ಅದು ಸಾಲವಾಯಿತು. ಮೊದಲ ವರ್ಷದ ಹಣಕ್ಕೆ ಏಳು ವರ್ಷದ ಬಡ್ಡಿ, ಎರಡನೆಯದಕ್ಕೆ ಆರು, ಮೂರನೆಯದಕ್ಕೆ ಐದು, ನಾಲ್ಕನೆಯದಕ್ಕೆ ನಾಲ್ಕು. ಒಟ್ಟು ಬಡ್ಡಿ 4,400. ಒಂದು ಬೆಳಿಗ್ಗೆ ಎದ್ದರೆ ನಿಮ್ಮ ಹೆಸರಲ್ಲಿ 20,400 ಡಾಲರ್ ಸಾಲ.

ಕೆಲಸ ಬಿಟ್ಟವರಿಗೆ ಹೀಗಾದರೆ ಅದು ಒಪ್ಪಂದದ ಮಾತು. ಇಲ್ಲಿ ಆದದ್ದು ಬೇರೆ. ‘ನಾನು ಪಾಠ ಮಾಡುತ್ತಿದ್ದೇನೆ’ ಎಂದು ಶಿಕ್ಷಕರು ಪ್ರತಿ ವರ್ಷ ಒಂದು ಫಾರಂ ತುಂಬಿ ಕಳಿಸಬೇಕಿತ್ತು. ಫಾರಂ ತಡವಾಗಿ ಹೋಯಿತು, ಒಂದು ಸಹಿ ಬಿಟ್ಟುಹೋಯಿತು, ದಿನಾಂಕ ತಪ್ಪಾಯಿತು ಅನ್ನುವ ಕಾರಣಕ್ಕೇ ಅನುದಾನ ಸಾಲವಾಯಿತು. ಒಮ್ಮೆ ಸಾಲವಾದರೆ ಹಿಂದಕ್ಕೆ ತಿರುಗಿಸುವ ದಾರಿ ಹೆಚ್ಚುಕಡಿಮೆ ಇರಲೇ ಇಲ್ಲ. ಆ ಶಿಕ್ಷಕರು ಅದೇ ಬಡ ಶಾಲೆಯಲ್ಲಿ, ಅದೇ ಮಕ್ಕಳಿಗೆ ಪಾಠ ಮಾಡುತ್ತಲೇ ಇದ್ದರು! 2015ರಲ್ಲೇ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ, 2,000ಕ್ಕೂ ಹೆಚ್ಚು ಮಂದಿಯ ಅನುದಾನ ತಪ್ಪಾಗಿ ಸಾಲವಾಗಿದೆ ಎಂದು ಹೇಳಿತ್ತು. 2018ರಲ್ಲಿ ಇಲಾಖೆಯೇ ಮಾಡಿಸಿದ ಅಧ್ಯಯನದಲ್ಲಿ, 2014ರ ಜುಲೈಗೆ ಮೊದಲು ಸೇವೆಯ ಅವಧಿ ಶುರುವಾದವರಲ್ಲಿ ಶೇ 63ರಷ್ಟು ಮಂದಿಯ ಅನುದಾನ ಸಾಲವಾಗಿತ್ತು ಎಂದು ಗೊತ್ತಾಯಿತು. ಎನ್‌ಪಿಆರ್ ರೇಡಿಯೊ ಆ ಶಿಕ್ಷಕರ ಮಾತುಗಳನ್ನು ತಿಂಗಳುಗಟ್ಟಲೆ ಪ್ರಸಾರ ಮಾಡಿತು. ಆ ವರ್ಷದ ಕೊನೆಗೆ ಇಲಾಖೆ ತಪ್ಪು ತಿದ್ದಲು ಒಪ್ಪಿತು. 2021ರ ಜುಲೈಯಿಂದ ಹೊಸ ನಿಯಮ ಬಂತು. ಈಗ ವಾರ್ಷಿಕ ಫಾರಂ ತಪ್ಪಿತು ಅಂತ ಸಾಲ ಮಾಡುವ ಹಾಗಿಲ್ಲ. ಉಳಿದ ಸಮಯದಲ್ಲಿ ನಾಲ್ಕು ವರ್ಷ ಮುಗಿಸಲು ಸಾಧ್ಯವೇ ಇಲ್ಲ ಅನ್ನುವಾಗ ಮಾತ್ರ ಅದು ಸಾಲವಾಗುತ್ತದೆ.

ಈ ಕತೆ ಓದುವಾಗ ನನಗೆ ಸಂಕಟವಾಗುವುದು ಹಣದ ಲೆಕ್ಕಕ್ಕಲ್ಲ. ಇವರೆಲ್ಲ ಇಪ್ಪತ್ತೆರಡು ಇಪ್ಪತ್ಮೂರನೇ ವಯಸ್ಸಿಗೆ ಕಷ್ಟದ ಕೆಲಸವನ್ನು ತಾವಾಗಿಯೇ ಆರಿಸಿಕೊಂಡವರು. ಅವರು ಮಾತು ಉಳಿಸಿಕೊಂಡರು. ಕೊಟ್ಟ ಮಾತನ್ನು ಉಳಿಸಿಕೊಳ್ಳದೆ ಹೋದದ್ದು ಇಲಾಖೆ.

ರಾಜ್ಯಗಳು ಏನು ಕಲಿತವು

ಹಲವು ರಾಜ್ಯಗಳು ತಮ್ಮದೇ ಯೋಜನೆ ಮಾಡಿಕೊಂಡಿವೆ. ಉತ್ತರ ಕೆರೊಲಿನಾದ ‘ಟೀಚಿಂಗ್ ಫೆಲೋಸ್’ 1986ರಲ್ಲಿ ಶುರುವಾಗಿ ನಡುವೆ ನಿಂತುಹೋಗಿತ್ತು. 2017ರಲ್ಲಿ ಮತ್ತೆ ಜೀವ ಕೊಟ್ಟಾಗ ವಿಜ್ಞಾನ, ಗಣಿತದ ಜೊತೆ ವಿಶೇಷ ಶಿಕ್ಷಣವನ್ನೂ ಆರಿಸಿಕೊಂಡರು. ವರ್ಷಕ್ಕೆ 8,250 ಡಾಲರ್‌ವರೆಗೆ ಸಾಲ ಕೊಟ್ಟರು. ಫಲಿತಾಂಶ ಕಡಿಮೆ ಇರುವ ಶಾಲೆಯಲ್ಲಿ ಒಂದು ವರ್ಷ, ಬೇರೆ ಶಾಲೆಯಲ್ಲಾದರೆ ಎರಡು ವರ್ಷ ಪಾಠ ಮಾಡಿದರೆ ಒಂದು ವರ್ಷದ ಸಾಲ ತೀರುತ್ತದೆ. ಇದು ‘ಸಾಲ’ ಎಂದು ಮೊದಲ ದಿನವೇ ಎಲ್ಲರಿಗೂ ಗೊತ್ತು. ಅನುದಾನ ಅಂತ ಕೊಟ್ಟು ಆಮೇಲೆ ಸಾಲ ಮಾಡುವುದಕ್ಕಿಂತ ಇದು ಹೆಚ್ಚು ಪ್ರಾಮಾಣಿಕ.

ಈ ಯೋಜನೆಗಳಿಂದ ನಿಜಕ್ಕೂ ಶಿಕ್ಷಕರು ಉಳಿಯುತ್ತಾರಾ? ಫ್ಲಾರಿಡಾದಿಂದ ಒಳ್ಳೆಯ ಉತ್ತರ ಸಿಗುತ್ತದೆ. ಅಲ್ಲಿ ಪದವಿಯ ಸಾಲಕ್ಕೆ ವರ್ಷಕ್ಕೆ 2,500, ಸ್ನಾತಕೋತ್ತರದ ಸಾಲಕ್ಕೆ ವರ್ಷಕ್ಕೆ 5,000, ಒಟ್ಟು 10,000 ಡಾಲರ್‌ವರೆಗೆ ರಾಜ್ಯವೇ ತೀರಿಸುತ್ತಿತ್ತು. ಲಿ ಫೆಂಗ್ ಮತ್ತು ಟಿಮ್ ಸಾಸ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಧ್ಯಯನ ಮಾಡಿದರು. ಯೋಜನೆಗೆ ಪೂರ್ತಿ ಹಣ ಬಂದ ವರ್ಷಗಳಲ್ಲಿ ವಿಶೇಷ ಶಿಕ್ಷಕರು ಕೆಲಸ ಬಿಡುವುದು ಶೇ 12.3ರಷ್ಟು ಕಡಿಮೆಯಾಯಿತು. ಶಾಸನಸಭೆ ಹಣ ಕತ್ತರಿಸಿ, ಹೇಳಿದ್ದಕ್ಕಿಂತ ತೀರಾ ಕಡಿಮೆ ಕೊಟ್ಟಾಗ ಹೇಳಿಕೊಳ್ಳುವಂಥ ಪರಿಣಾಮವೇ ಕಾಣಲಿಲ್ಲ. ಅರ್ಧ ಹಣಕ್ಕೆ ಅರ್ಧ ಫಲ ಬರಬಹುದು ಅಂತ ಅಂದುಕೊಳ್ಳುವವರು ಇದನ್ನು ಗಮನಿಸಬೇಕು.

ಹವಾಯಿ ಬೇರೆ ದಾರಿ ಹಿಡಿಯಿತು. 2020ರ ಜನವರಿಯಿಂದ ವಿಶೇಷ ಶಿಕ್ಷಕರಿಗೆ ವರ್ಷಕ್ಕೆ 10,000 ಡಾಲರ್ ಹೆಚ್ಚುವರಿ ಸಂಬಳ ಕೊಟ್ಟಿತು. ಖಾಲಿ ಹುದ್ದೆಗಳು ಸುಮಾರು ಮೂರನೇ ಒಂದರಷ್ಟು ಇಳಿದವು. ಆದರೆ ಬಂದವರಲ್ಲಿ ಹೆಚ್ಚಿನವರು ಹೊಸಬರಲ್ಲ. ಆಗಲೇ ಸಾಮಾನ್ಯ ತರಗತಿಗಳಲ್ಲಿದ್ದ, ವಿಶೇಷ ಶಿಕ್ಷಣದಿಂದ ದೂರ ಉಳಿದಿದ್ದ ಶಿಕ್ಷಕರು ಈ ಕಡೆ ಬಂದರು. ಇದರಿಂದ ನನಗೆ ತೋಚುವುದು ಇಷ್ಟು: ಈಗಾಗಲೇ ಶಿಕ್ಷಕರಾಗಿರುವವರನ್ನು ಈ ಕೆಲಸಕ್ಕೆ ತರಲು ಸಂಬಳ ಬೇಕು. ಹದಿನೆಂಟು ವರ್ಷದ, ಕೈಯಲ್ಲಿ ಹಣವಿಲ್ಲದ ವಿದ್ಯಾರ್ಥಿಯನ್ನು ತರಲು ಸಾಲದ ಸಹಾಯ ಬೇಕು. ಐಇಪಿ ಕಾಗದಗಳ ಹೊರೆ ಇಳಿಸದಿದ್ದರೆ, ತರಗತಿಗೆ ಸಹಾಯಕರನ್ನು ಕೊಡದಿದ್ದರೆ, ಸಾಲ ತೀರಿದ ಮರುವರ್ಷ ಆ ಶಿಕ್ಷಕರನ್ನು ಹಿಡಿದಿಡಲು ಏನೂ ಇರುವುದಿಲ್ಲ.

ನಮ್ಮವರಿಗೆ ಇದರಲ್ಲಿ ಏನಿದೆ

ಅಮೆರಿಕದಲ್ಲಿ ಓದಲು ಹೋದ ಕನ್ನಡಿಗ ವಿದ್ಯಾರ್ಥಿಗಳು ಈ ಯೋಜನೆಗಳನ್ನು ನೋಡಿ ಆಸೆಪಡುವುದುಂಟು. ವಿದ್ಯಾರ್ಥಿ ವೀಸಾದವರಿಗೆ ಅಲ್ಲಿನ ಸರ್ಕಾರಿ ಸಾಲವೇ ಸಿಗುವುದಿಲ್ಲ, ಹಾಗಾಗಿ ಮನ್ನಾ ಮಾತೂ ಇಲ್ಲ. ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರುವವರು, ಅಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಅರ್ಹರು. ಇಲ್ಲಿನ ಬ್ಯಾಂಕಿನಿಂದ ಪಡೆದ ಶಿಕ್ಷಣ ಸಾಲಕ್ಕೂ ಇದಕ್ಕೂ ಸಂಬಂಧವಿಲ್ಲ.

ಆದರೆ ಈ ವಿಷಯ ನಮ್ಮ ರಾಜ್ಯಕ್ಕೆ ದೂರದ್ದೇನಲ್ಲ. 2021ರ ಅಕ್ಟೋಬರ್ 28ರಂದು ಸುಪ್ರೀಂ ಕೋರ್ಟ್, ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ, ವಿಶೇಷ ಅಗತ್ಯವಿರುವ ಮಕ್ಕಳಿಗೆ ಪ್ರಾಥಮಿಕದಲ್ಲಿ 10 ಮಕ್ಕಳಿಗೆ ಒಬ್ಬ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕು ಎಂದಿತು. 2025ರ ಮಾರ್ಚ್‌ನಲ್ಲಿ ಮತ್ತೆ, ಎಷ್ಟು ಹುದ್ದೆ ಎಂದು ಪ್ರಕಟಿಸಿ ಅಂತ ರಾಜ್ಯಗಳಿಗೆ ಹೇಳಿತು. ನಮ್ಮಲ್ಲಿ ಈಗ ಬ್ಲಾಕ್ ಮಟ್ಟದ ಬಿಐಇಆರ್‌ಟಿಗಳು, ಅಂದರೆ ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು, ಊರೂರು ಸುತ್ತಬೇಕು. ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಅವರೇ ಹೋಗಬೇಕು. ಹುದ್ದೆ ತೆರೆದರೂ ತುಂಬಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುವವರು ಬೇಕು. ಅದಕ್ಕೆ ವಿಶೇಷ ಶಿಕ್ಷಣದಲ್ಲಿ ಡಿಪ್ಲೊಮಾ ಅಥವಾ ಬಿ.ಎಡ್ ಆಗಿರಬೇಕು. ಮೈಸೂರಿನ ‘ಆಯಿಷ್’ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ನಂಥ ಕಡೆ ಅದನ್ನು ಕಲಿಸುತ್ತಾರೆ. ಆದರೆ ಹಳ್ಳಿಯ ಹುಡುಗಿ ಅಲ್ಲಿಗೆ ಬರಬೇಕಾದರೆ ಫೀಸು, ಹಾಸ್ಟೆಲ್ ಎಲ್ಲ ಯಾರಾದರೂ ನೋಡಿಕೊಳ್ಳಬೇಕು ಅಲ್ವಾ?

ಡಾಕ್ಟರ್ ಓದಿದವರಿಗೆ ಕರ್ನಾಟಕ 2012ರಲ್ಲೇ ಗ್ರಾಮೀಣ ಸೇವೆ ಕಡ್ಡಾಯ ಮಾಡಲು ಕಾನೂನು ತಂದಿತು. ವಿಶೇಷ ಶಿಕ್ಷಕರಿಗೆ ಕಡ್ಡಾಯದ ಅಗತ್ಯವಿಲ್ಲ. ಓದಿನ ಖರ್ಚನ್ನು ಸರ್ಕಾರ ಮೊದಲೇ ಕೊಟ್ಟು, ರಾಯಚೂರು, ಯಾದಗಿರಿಯಂಥ ಜಿಲ್ಲೆಗಳಲ್ಲಿ ಪಾಠ ಮಾಡಿದ ಪ್ರತಿ ವರ್ಷಕ್ಕೆ ಒಂದು ಪಾಲು ರದ್ದು ಮಾಡಬಹುದು. ಪರ್ಕಿನ್ಸ್ ಸಾಲದ ಹಾಗೆ, ಮಾಡಿದ ವರ್ಷ ಅವರದೇ ಆಗಿರಬೇಕು. ನಡುವೆ ಬಿಟ್ಟರೆ ಉಳಿದದ್ದನ್ನು ಬಡ್ಡಿ ಇಲ್ಲದೆ ಕಂತಿನಲ್ಲಿ ಕಟ್ಟಲಿ. ಪಾಠ ಮಾಡುತ್ತಿದ್ದಾರೆ ಅನ್ನುವುದಕ್ಕೆ ಶಿಕ್ಷಕರಿಂದ ಫಾರಂ ಕೇಳುವುದೇ ಬೇಡ. ಸರ್ಕಾರಿ ನೌಕರರ ಸಂಬಳ ಖಜಾನೆಯಿಂದಲೇ ಹೋಗುತ್ತದೆ, ಆ ದಾಖಲೆಯೇ ಸಾಕು.